ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್

ಬೆಳಿಗ್ಗೆ 8 ಗಂಟೆ 52 ನಿಮಿಷಕ್ಕೆ, ಬೀದರ್‌ನಿಂದ ಬರುತ್ತಿದ್ದ ಚಾತಕ-14 ವಿಮಾನ ಹುಬ್ಬಳ್ಳಿಯ ರನ್‌ವೇಗೆ ಇನ್ನೂ ಆರು ಕಿಲೋಮೀಟರ್ ಇರುವಾಗ, ಕಡಲೆ ಕಿತ್ತು ಖಾಲಿ ಬಿಟ್ಟಿದ್ದ ಹೊಲದಲ್ಲಿ ಬಿತ್ತು. ದಿನ 2043ರ ಮಾರ್ಚ್ 12, ಗುರುವಾರ. ಒಳಗಿದ್ದ ಒಂಬತ್ತು ಪ್ರಯಾಣಿಕರು, ಇಬ್ಬರು ಪೈಲಟ್ ಸೇರಿ ಹನ್ನೊಂದು ಜನರಲ್ಲಿ ಯಾರೂ ಉಳಿಯಲಿಲ್ಲ. ವಿಮಾನ ನಡೆಸುತ್ತಿದ್ದವಳು ಕ್ಯಾಪ್ಟನ್ ಮೇಘನಾ ಕುಬಸದ. ವಯಸ್ಸು ಮೂವತ್ತೆರಡು.

ಆ ಹೊತ್ತಿನಲ್ಲಿ ಮೇಘನಾಳ ಅತ್ತಿಗೆ ರೋಹಿಣಿ, ವಿಮಾನ ನಿಲ್ದಾಣದ ಪಕ್ಕದ ತರಬೇತಿ ಕೇಂದ್ರದಲ್ಲಿ, ನೆಲದ ಮೇಲೇ ಹಾರಾಟ ಕಲಿಸುವ ಸಿಮ್ಯುಲೇಟರಿನ ಪ್ರೊಜೆಕ್ಟರ್ ಗಾಜು ಒರೆಸುತ್ತಿದ್ದಳು. ಕಿಟಕಿಯಿಲ್ಲದ ಕೋಣೆ, ಹೊರಗಿನ ಯಾವ ಸದ್ದೂ ಕೇಳುವುದಿಲ್ಲ. ಧೂಳು ಬರಬಾರದೆಂದು ಎಲ್ಲರೂ ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಕೇಂದ್ರದ ಮುಖ್ಯಸ್ಥ ಜಯತೀರ್ಥ ಇನಾಮದಾರರೂ ಸೇರಿ. ಆ ದಿನ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಇನಾಮದಾರರು ಬೂಟು ಹಾಕಿಕೊಂಡೇ ಒಳಗೆ ಬಂದರು.

"ರೋಹಿಣಿ, ಮನಿಗೆ ಹೋಗು."

"ಯಾಕ್ರೀ ಸರ್?"

"ಮೊದಲ ಹೋಗು. ನಿಮ್ಮ ಅತ್ತಿ ಟಿವಿ ಹಚ್ಚೂದ್ರೊಳಗ ಹೋಗಿ ಮುಟ್ಟು."

ಅವಳು ಮುಟ್ಟುವಷ್ಟರಲ್ಲಿ ಟಿವಿ ಹಚ್ಚಿಯಾಗಿತ್ತು.

ಚಾತಕ-14 ಹೊಸ ವಿಮಾನವಲ್ಲ. ಬೆಂಗಳೂರಿನ ಒಂದು ಸಂಸ್ಥೆ ಅಂಥ ಇಪ್ಪತ್ತಾರು ವಿಮಾನ ಕಟ್ಟಿ, 2006ರಲ್ಲಿ ಬಾಗಿಲು ಮುಚ್ಚಿತ್ತು. ಮೂವತ್ತು ವರ್ಷ ಶೆಡ್ಡುಗಳಲ್ಲಿ ಧೂಳು ತಿಂದ ಹದಿನೇಳನ್ನು ಉತ್ತರ ವಾಯು ಎಂಬ ಕಂಪನಿ ಹೊರಗೆಳೆದು, ಹಳೆಯ ಎಂಜಿನ್ ಕಿತ್ತು ವಿದ್ಯುತ್ ಮೋಟರು ಕೂರಿಸಿ, ಬೀದರ್, ಕಲಬುರಗಿ, ವಿಜಯಪುರ, ಹುಬ್ಬಳ್ಳಿಗಳ ನಡುವೆ ಹಾರಿಸಲು ಹೊರಟಿತು. ವಿಮಾನವೇನೋ ಸಿಕ್ಕಿತು. ಪೈಲಟ್‌ಗಳಿಗೆ ಕಲಿಸಲು ಸಿಮ್ಯುಲೇಟರ್ ಇರಲಿಲ್ಲ. ಸಿಮ್ಯುಲೇಟರ್ ಕಟ್ಟಬೇಕಾದರೆ ರೆಕ್ಕೆಗೆ ಗಾಳಿ ಹೇಗೆ ತಾಗುತ್ತದೆ, ಯಾವ ವೇಗಕ್ಕೆ ಅದು ವಿಮಾನವನ್ನು ಎತ್ತಿ ಹಿಡಿಯಲಾರದೆ ಸೋಲುತ್ತದೆ ಎಂಬ ಪರೀಕ್ಷೆಯ ಅಂಕಿಗಳು ಬೇಕು. ಆ ಕಾಗದಗಳು ಸಂಸ್ಥೆ ಮುಚ್ಚಿದ ವರ್ಷವೇ ರದ್ದಿಗೆ ಹೋಗಿದ್ದವು.

ಅಂಕಿಗಳು ಉಳಿದದ್ದು ಒಂದೇ ಕಡೆ, ಅದೂ ಆಟದ ಸಾಮಾನಿನಲ್ಲಿ. ಆ ಸಂಸ್ಥೆಯಲ್ಲಿ ಪರೀಕ್ಷಾ ಎಂಜಿನಿಯರ್ ಆಗಿದ್ದ ಶ್ರೀಪಾದ ಗಲಗಲಿ ಎಂಬವರು ಕೆಲಸ ಹೋದ ಮೇಲೆ ಧಾರವಾಡಕ್ಕೆ ಬಂದು ಕೂತು, ಮನೆಯ ಕಂಪ್ಯೂಟರಿನಲ್ಲಿ ಆಡುವ ವಿಮಾನದ ಆಟವೊಂದಕ್ಕೆ ಚಾತಕವನ್ನು ಆಡ್-ಆನ್ ಆಗಿ, ಅಂದರೆ ಹೊರಗಿನಿಂದ ಸೇರಿಸಿಕೊಳ್ಳುವ ಭಾಗವಾಗಿ, ತಯಾರಿಸಿ, ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಅಂತರಜಾಲದಲ್ಲಿ ಬಿಟ್ಟಿದ್ದರು. ಮೂವತ್ತು ವರ್ಷದಲ್ಲಿ ಇಳಿಸಿಕೊಂಡವರು ಇನ್ನೂರ ಹನ್ನೆರಡು ಜನ.

2040ರಲ್ಲಿ ಆ ಆಟವನ್ನೂ ಆ ಆಡ್-ಆನನ್ನೂ ಹೊಸ ಯಂತ್ರದ ಮೇಲೆ ಓಡಿಸುವ ಕೆಲಸ ರೋಹಿಣಿಯ ಪಾಲಿಗೆ ಬಂತು. ಏಳು ತಿಂಗಳು ಹಿಡಿಯಿತು. ಪ್ರೋಗ್ರಾಮು ಮೊದಲು ಸಿ.ಡಿ. ಕೇಳಿತು, ಸಿ.ಡಿ. ಹಾಕುವ ಬಾಯಿರುವ ಕಂಪ್ಯೂಟರೇ ಊರಲ್ಲಿರಲಿಲ್ಲ. ಯಾವತ್ತೋ ಮುಚ್ಚಿಹೋದ ಕಂಪನಿಯ ಗ್ರಾಫಿಕ್ಸ್ ಕಾರ್ಡು ಹುಡುಕಿತು. ಅರವತ್ತನಾಲ್ಕು ಕೋರ್‌ಗಳ ಪ್ರೊಸೆಸರ್ ಕಂಡು ಎದ್ದೇಳಲಾರದೆ ಕೂತಿತು. ಅವಳು ಒಂದೇ ಕೋರ್‌ಗೆ ಕಟ್ಟಿಹಾಕಿದಳು. ಕೊನೆಗೆ, ಹೊರಗೆ ಇನ್ನೂ 2006 ನಡೆಯುತ್ತಿದೆ ಎಂದು ಅದಕ್ಕೆ ಸುಳ್ಳು ಹೇಳುವ ಒಂದು ಹೊದಿಕೆ ಬರೆದಳು. ಹೆಜ್ಜೆಹೆಜ್ಜೆಗೂ ಸುಳ್ಳು ಹೇಳಿಸಿಕೊಂಡು ಪ್ರೋಗ್ರಾಮು ಎದ್ದಿತು.

ಒಂದು ತಕರಾರು ಉಳಿಯಿತು. ಆಡ್-ಆನ್ ಜೊತೆ ಬಂದಿದ್ದ ಒಂದು ಸೆಟ್ಟಿಂಗು ಚಿತ್ರವನ್ನು ಸೆಕೆಂಡಿಗೆ ಇಪ್ಪತ್ತೈದು ಬಿಡಿ ಚಿತ್ರಕ್ಕೆ, ಅಂದರೆ ಇಪ್ಪತ್ತೈದು ಫ್ರೇಮ್‌ಗೆ ಬಿಗಿದಿತ್ತು. ಮೇಜಿನ ಮೇಲಿನ ಸಣ್ಣ ಪರದೆಗೆ ಅಷ್ಟು ಸಾಕು. ಆದರೆ ಕೇಂದ್ರದ ಪರದೆ ಪೈಲಟ್‌ನನ್ನು ಮೂರು ಕಡೆಯಿಂದ ಸುತ್ತಿಕೊಂಡಿತ್ತು. ತಿರುವಿನಲ್ಲಿ ನೆಲ ಕುಪ್ಪಳಿಸುತ್ತಿತ್ತು, ಪೈಲಟ್‌ಗಳಿಗೆ ತಲೆ ತಿರುಗುತ್ತಿತ್ತು. ಮೊದಲ ತಂಡದಲ್ಲೇ ಇದ್ದ ಮೇಘನಾ ಒಂದು ಮಧ್ಯಾಹ್ನ ಮುಖ ತೊಳೆದುಕೊಂಡು ಬಂದು ರೋಹಿಣಿಯ ಮೇಜಿನ ಮೇಲೆ ಕೂತಳು.

"ವೈನೀ, ನಿನ್ನ ವಿಮಾನ ಎತ್ತಿನ ಬಂಡಿ ಆಗೇತಿ. ಗುಡ್ಡ ಕುಣಕೋತ ಬರ್ತಾವ. ಮುಂಜಾನಿ ನಾಷ್ಟಾ ಪೂರ್ತಿ ಹೊರಗ ಬಂತು."

"ಎರಡ ಪ್ಲೇಟ್ ಗಿರಮಿಟ್ ತಿಂದು ಹತ್ತಿದ್ರ ವಿಮಾನರ ಏನ ಮಾಡೀತು?"

"ಚಾಷ್ಟಿ ಬ್ಯಾಡ. ಎಲ್ಲಾರೂ ಹೇಳಾಕತ್ತಾರ. ನಿನ್ನ ಕಡಿಂದ ಆಗೂದಿಲ್ಲಂದ್ರ ಆಗೂದಿಲ್ಲ ಅನ್ನು, ನಾ ಸುಮ್ಮನ ಆಗತೀನಿ."

"ಆಗೂದಿಲ್ಲ ಅಂತ ನಾ ಯಾವತ್ತ ಅಂದೀನಿ?"

ಮರುದಿನ ರೋಹಿಣಿ ಆ ಬಿಗಿ ತೆಗೆದಳು. ಇಪ್ಪತ್ತೈದು ಇನ್ನೂರ ನಲವತ್ತಾಯಿತು. ನೆಲ ಎಣ್ಣೆಯ ಹಾಗೆ ಜಾರತೊಡಗಿತು. ಮೇಘನಾ ಇಳಿದು ಬಂದವಳೇ ವೈನಿಯ ಕೆನ್ನೆ ಹಿಂಡಿದಳು. ಪರವಾನಗಿ ಕೊಡುವ ಇಲಾಖೆಯವರು ಬಂದು ನೋಡಿ, ಇನ್ನೂರ ನಲವತ್ತು ಫ್ರೇಮಿನ ಆ ರೂಪಕ್ಕೆ ಪ್ರಮಾಣಪತ್ರ ಕೊಟ್ಟರು. ನಲವತ್ತಾರು ಪೈಲಟ್‌ಗಳು ಅದರಲ್ಲೇ ಕಲಿತರು.

ವಿಮಾನ ಬಿದ್ದ ಎಂಟನೆಯ ದಿನ ತನಿಖಾ ಸಮಿತಿಯ ಪ್ರಾಥಮಿಕ ಟಿಪ್ಪಣಿ ಬಂತು. ಸಾವಿರದ ನಾನ್ನೂರು ಅಡಿ ಎತ್ತರದಲ್ಲಿ ಹಕ್ಕಿ ಬಡಿದು ಎಡ ಮೋಟರು ನಿಂತಿತ್ತು. ವೇಗ ಕುಸಿದು, ಎಡ ರೆಕ್ಕೆ ಸೋತು, ವಿಮಾನ ಗಿರಕಿ ಹೊಡೆಯತೊಡಗಿತ್ತು. "ಕ್ಯಾಪ್ಟನ್ ಮೂತಿ ತಗ್ಗಿಸುವ ಸ್ಟಿಕ್ಕನ್ನು ಅರ್ಧ ಮಾತ್ರ ಮುಂದೆ ತಳ್ಳಿ ಎರಡು ಸೆಕೆಂಡು ಕಾದಿದ್ದಾರೆ. ಆನಂತರದ ಪ್ರಯತ್ನಗಳಿಗೆ ಎತ್ತರ ಉಳಿದಿರಲಿಲ್ಲ" ಎಂದು ಟಿಪ್ಪಣಿ ಹೇಳಿತು. ಚಾನೆಲ್‌ಗಳಿಗೆ ಅಷ್ಟು ಸಾಕಾಯಿತು. 'ಆ ಎರಡು ಸೆಕೆಂಡು' ಎಂಬ ಹೆಸರಿಟ್ಟು ಸಂಜೆಯೆಲ್ಲ ತೋರಿಸಿದರು.

ಮನೆಯಲ್ಲಿ ಮಾತಾಡಿಸಲು ಬಂದವರು ಇನ್ನೂ ಕೂತಿದ್ದರು. ರೋಹಿಣಿಯ ಗಂಡ ಶಿವಾನಂದ ರೈಲಿನ ಡ್ರೈವರ್. ತಂಗಿಯ ಮಣ್ಣು ಮಾಡಿ ಬಂದಂದಿನಿಂದ ಅವನಿಗೆ ಬಾಯಿಲ್ಲ. ಓಣಿಯ ಹಿರಿಯರೊಬ್ಬರು ಚಹಾದ ಕಪ್ಪು ಕೆಳಗಿಟ್ಟು, "ಹೆಣ್ಣ ಹುಡುಗಿ, ಅಂಜಿರಬೇಕು ಬಿಡ್ರಿ. ಯಾರಿದ್ರೂ ಅಂಜತಾರ" ಎಂದರು. ಸಮಾಧಾನದ ಮಾತೆಂದೇ ಅವರು ತಿಳಿದಿದ್ದರು.

ಮೇಘನಾಳ ತಾಯಿ ಕಸ್ತೂರೆವ್ವ ಆ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು. ಬಂದವರು ಎದ್ದು ಹೋದ ಮೇಲೆ ಸೊಸೆಯನ್ನು ಕರೆದಳು.

"ನೀ ಆ ಯಂತ್ರದಾಗ ಕೆಲಸ ಮಾಡಾಕಿ. ಒಂದ ಮಾತ ಹೇಳು. ನನ್ನ ಮಗಳು ಅಂಜಿದ್ಲೇನು?"

"ಗೊತ್ತಿಲ್ರೀ ಅತ್ತಿ."

"ಗೊತ್ತ ಮಾಡಕೊಂಡ ಬಾ. ಅಂಜಿದ್ರ ಅಂಜಿದ್ಲು. ಆದ್ರ ನನಗ ಖರೆ ಬೇಕು."

ಮರುದಿನ ಶನಿವಾರ. ವಿಮಾನದ ರೆಕಾರ್ಡರಿನಲ್ಲಿ ಸಿಕ್ಕ ಕೊನೆಯ ನಿಮಿಷದ ಅಂಕಿಗಳನ್ನು, ಸಿಮ್ಯುಲೇಟರಿಗೆ ಹಾಕಿ ಇಡಿ ಎಂದು ಸಮಿತಿ ಕೇಂದ್ರಕ್ಕೆ ಕಳಿಸಿತ್ತು. ರೋಹಿಣಿ ಬಾಗಿಲು ಹಾಕಿಕೊಂಡು ಎರಡು ಗೆರೆಗಳನ್ನು ಒಂದರ ಮೇಲೊಂದು ಎಳೆದಳು: ಹೊಲದಲ್ಲಿ ಬಿದ್ದ ವಿಮಾನದ ಗಿರಕಿಯ ವೇಗ ಒಂದು, ಅದೇ ಎತ್ತರದಲ್ಲಿ ಅದೇ ರೀತಿ ಸ್ಟಿಕ್ಕು ತಳ್ಳಿದರೆ ಸಿಮ್ಯುಲೇಟರಿನ ವಿಮಾನದ ಗಿರಕಿಯ ವೇಗ ಇನ್ನೊಂದು.

ಸಿಮ್ಯುಲೇಟರಿನಲ್ಲಿ, ಸ್ಟಿಕ್ಕು ಅರ್ಧ ಮುಂದೆ ಹೋದ ಒಂದು ಸೆಕೆಂಡಿಗೆ ಗಿರಕಿ ಸತ್ತುಹೋಗುತ್ತಿತ್ತು; ನೂರರಲ್ಲಿ ಒಂದು ಪಾಲೂ ಉಳಿಯುತ್ತಿರಲಿಲ್ಲ. ನಿಜದ ವಿಮಾನದಲ್ಲಿ ಒಂದು ಸೆಕೆಂಡಾದ ಮೇಲೂ ನೂರರಲ್ಲಿ ಅರವತ್ತು ಉಳಿದಿತ್ತು. ಎರಡು ಸೆಕೆಂಡಿಗೆ ಮೂವತ್ತಾರು. ಮೂರನೆಯ ಸೆಕೆಂಡಿಗೆ ಸೋತ ರೆಕ್ಕೆ ಅದನ್ನು ಮತ್ತೆ ಎಬ್ಬಿಸಿತ್ತು.

ಅವಳು ಆಡ್-ಆನ್‌ನ ಫೈಲುಗಳನ್ನು ಒಂದೊಂದಾಗಿ ತೆರೆದಳು. ಮೂಲ ಆಟದ ಗಣಿತವೆಲ್ಲ ಗಡಿಯಾರ ನೋಡಿ ನಡೆಯುತ್ತಿತ್ತು. ಗಿರಕಿಯನ್ನು ಲೆಕ್ಕ ಹಾಕಲು ಗಲಗಲಿಯವರು ಸೇರಿಸಿದ್ದ ಸಣ್ಣ ತುಣುಕು ಮಾತ್ರ ಗಡಿಯಾರ ನೋಡುತ್ತಿರಲಿಲ್ಲ. ಅದು ಫ್ರೇಮ್ ಎಣಿಸುತ್ತಿತ್ತು. ಪ್ರತಿ ಫ್ರೇಮಿಗೆ ಗಿರಕಿಯ ವೇಗದಲ್ಲಿ ನೂರಕ್ಕೆ ಎರಡು ಕಳೆ: ಇಷ್ಟೇ ಅದರ ಕೆಲಸ. ಹಾಜರಿ ಹಾಳೆಯ ಬೆನ್ನಿಗೆ ಅವಳು ಲೆಕ್ಕ ಮಾಡಿದಳು. ಸೆಕೆಂಡಿಗೆ ಇಪ್ಪತ್ತೈದು ಸಲ ನೂರಕ್ಕೆ ಎರಡು ಕಳೆದರೆ ಕೊನೆಗೆ ಉಳಿಯುವುದು ಅರವತ್ತು. ಇನ್ನೂರ ನಲವತ್ತು ಸಲ ಕಳೆದರೆ ಮುಕ್ಕಾಲು. ನೂರಕ್ಕೆ ಮುಕ್ಕಾಲು.

ಪೆನ್ಸಿಲ್ ಕೆಳಗಿಟ್ಟು ಅವಳು ಮತ್ತೆ ಫೈಲುಗಳ ಪಟ್ಟಿಗೆ ಹೋದಳು.

ಆಡ್-ಆನ್ ಜೊತೆ ಹನ್ನೆರಡು ಪುಟದ ಒಂದು ಟಿಪ್ಪಣಿ ಇತ್ತು. ಮೂರು ವರ್ಷದ ಹಿಂದೆ ತೆರೆದಾಗ ತಲೆಯ ಮೇಲೆ ಚುಕ್ಕಿ, ಗೆರೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಕಸ ಕಂಡಿತ್ತು. ಫೈಲು ಕೆಟ್ಟಿದೆ ಎಂದುಕೊಂಡು ಮುಚ್ಚಿಬಿಟ್ಟಿದ್ದಳು. ಈಗ ಮತ್ತೆ ತೆರೆದಳು. ಅದೇ ಕಸ. ಆದರೆ ಈ ಸಲ, ಕಾಲೇಜಿನಲ್ಲಿದ್ದಾಗ ಹಳೆಯ ಸರ್ಕಾರಿ ಸುತ್ತೋಲೆಗಳನ್ನು ಮೊಬೈಲಿನಲ್ಲಿ ತೆರೆದರೆ ಹೀಗೇ ಬರುತ್ತಿದ್ದದ್ದು ನೆನಪಾಯಿತು. ಅದು ಕೆಟ್ಟ ಫೈಲಲ್ಲ. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡ. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದು ಗೊತ್ತಾಗುವುದಿಲ್ಲ. ಮೂರು ವರ್ಷದ ಹಿಂದೆಯೂ ಇದು ನೆನಪಾಗಬೇಕಿತ್ತು. ಆಗಲಿಲ್ಲ.

ಅಕ್ಷರ ಬದಲಿಸುವ ಪ್ರೋಗ್ರಾಮೊಂದನ್ನು ಹುಡುಕಿ ಟಿಪ್ಪಣಿಯನ್ನು ಅದರೊಳಗೆ ಹಾಕಿದಳು. ಹನ್ನೊಂದನೆಯ ಪುಟದಲ್ಲಿ ಹೀಗಿತ್ತು:

"ಗಿರಕಿಯ ಭಾಗವನ್ನು ನಾನು ಸೆಕೆಂಡಿಗೆ ಇಪ್ಪತ್ತೈದು ಫ್ರೇಮಿಗೆ ಹದ ಮಾಡಿದ್ದೇನೆ. ಈ ಮಿತಿಯನ್ನು ಯಾವ ಕಾರಣಕ್ಕೂ ತೆಗೆಯಬಾರದು. ತೆಗೆದರೆ ವಿಮಾನ ತಾನಾಗಿ ಗಿರಕಿಯಿಂದ ಹೊರಬರುತ್ತದೆ. ನಿಜವಾದ ಚಾತಕ ಹಾಗೆ ಬರುವುದಿಲ್ಲ. ಅದಕ್ಕೆ ಸ್ಟಿಕ್ಕು ಪೂರ್ತಿ ಮುಂದೆ ಬೇಕು, ಗಿರಕಿಯ ವಿರುದ್ಧ ದಿಕ್ಕಿನ ಪೆಡಲ್ ಪೂರ್ತಿ ಬೇಕು, ತಡ ಮಾಡಬಾರದು."

ವಿಮಾನದ ಮೂಲ ಕೈಪಿಡಿಯಲ್ಲಿ ಈ ಬಗ್ಗೆ ಇದ್ದದ್ದು ಒಂದು ಸಾಲು: ಸ್ಟಿಕ್ಕು ಮುಂದೆ, ವಿರುದ್ಧ ಪೆಡಲ್. ಎಷ್ಟು, ಎಷ್ಟು ಹೊತ್ತು ಎಂಬುದನ್ನು ಪಾಠ ಬರೆದವರು ಸಿಮ್ಯುಲೇಟರ್ ನೋಡಿ ತುಂಬಿದ್ದರು. ಅರ್ಧ. ಎರಡು ಸೆಕೆಂಡು.

ಇನ್ನೊಂದು ಫೈಲು ನೋಡದಿದ್ದರೆ ಚೆನ್ನಾಗಿತ್ತು. ಅವಳು ನೋಡಿದಳು. ಮೇಘನಾಳ ತರಬೇತಿಯ ದಾಖಲೆ ಅದು. ಗಿರಕಿಯ ಪಾಠಗಳ ಮೊದಲನೆಯ ದಿನ, ಗಿರಕಿ ಬಂದ ಕೂಡಲೇ ಮೇಘನಾ ಸ್ಟಿಕ್ಕನ್ನು ಪೂರ್ತಿ ತಳ್ಳಿ ಪೆಡಲ್ ಪೂರ್ತಿ ತುಳಿದಿದ್ದಳು. ಇನ್ನೂರ ನಲವತ್ತು ಫ್ರೇಮಿನ ವಿಮಾನ ಮೂತಿ ನೆಲಕ್ಕೆ ತಿರುಗಿಸಿ ಧುಮುಕಿತ್ತು, ಅಂಕ ಹೋಗಿತ್ತು. ಪಕ್ಕದಲ್ಲಿ ಇನಾಮದಾರರ ಷರಾ: 'ಗಾಬರಿಯ ಪ್ರತಿಕ್ರಿಯೆ. ತಿದ್ದಬೇಕು.' ಐದನೆಯ ಪಾಠದ ಪಕ್ಕದಲ್ಲಿ: 'ತಿದ್ದಿದೆ. ಉತ್ತಮ.'

ಭಾನುವಾರ ಅವಳು ಧಾರವಾಡಕ್ಕೆ ಹೋದಳು. ಗಲಗಲಿಯವರು ಮಾಳಮಡ್ಡಿಯಲ್ಲಿ ಮಗಳ ಮನೆಯ ಮಹಡಿಯ ಮೇಲಿದ್ದರು. ಎಂಬತ್ತೇಳು ವರ್ಷ. ಕಿವಿಗೆ ಯಂತ್ರ ಸಿಕ್ಕಿಸಿಕೊಳ್ಳುತ್ತ ಬಾಗಿಲು ತೆರೆದರು.

"ಚಾತಕದ್ದು ಕೇಳೂದಿತ್ರೀ."

"ಚಾತಕದ್ದು? ಅದನ್ನ ಮಾಡಿಟ್ಟು ಮೂವತ್ತೇಳು ವರ್ಷಾತು. ಇವತ್ತಿನ ತನಕಾ ಒಬ್ಬರೂ ಏನೂ ಕೇಳಲಿಲ್ಲ. ನಿಮ್ಮ ಕಂಪನಿಯವರು ಬಳಸತೀವಿ ಅಂತ ಪತ್ರ ಬರದ್ರು. ಬಳಸ್ರಿ ಅಂದೆ. ಅಷ್ಟ. ಬರ್ರಿ, ಕೂಡ್ರಿ. ಚಹಾ ತಗೋತೀರೇನು?"

"ಬ್ಯಾಡ್ರೀ."

"ಟಿಪ್ಪಣಿ ಓದೀರಿ?"

"ಓದೀನ್ರೀ. ನಿನ್ನೆ."

ಅವರು ಅವಳ ಮುಖ ನೋಡಿದರು. "ನಿನ್ನೆ ಅಂದ್ರ?"

"ವಿಮಾನ ಬಿದ್ದ ಮ್ಯಾಲೆ. ಅದು ಹಳೇ ಫಾಂಟಿನಾಗಿತ್ತು. ಕನ್ನಡ ಅಂತ ನನಗ ಗೊತ್ತ ಆಗಲಿಲ್ಲ. ಇಪ್ಪತ್ತೈದರ ಮಿತಿ ನಾನ ತಗದೆ."

ಕೆಳಗೆ ಮಗಳ ಮನೆಯಲ್ಲಿ ಕುಕ್ಕರ್ ಕೂಗಿ ನಿಂತಿತು.

"ಕನ್ನಡದಾಗ ಬರದದ್ದ ತಪ್ಪಾತೇನು ತಂಗಿ?" ಎಂದರು ಗಲಗಲಿಯವರು. "ನಮ್ಮ ವಿಮಾನ, ನಮ್ಮ ಹುಡುಗೂರು ಓದತಾರ ಅಂತ ಬರದೆ."

"ಇಲ್ರೀ. ಓದದ ಬಿಟ್ಟದ್ದ ತಪ್ಪು."

ಅವರ ಹಳೆಯ ಕಂಪ್ಯೂಟರ್ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ವಾರಕ್ಕೊಮ್ಮೆ ಈಗಲೂ ಅದರಲ್ಲಿ ಬೆಳಗಾವಿವರೆಗೆ ಹಾರಿಬರುತ್ತಿದ್ದರಂತೆ. ಅದು ಎದ್ದೇಳಲು ನಾಲ್ಕು ನಿಮಿಷ ಬೇಕಾಯಿತು. ರೋಹಿಣಿ ಸಾವಿರದ ನಾನ್ನೂರು ಅಡಿಗೆ ವಿಮಾನ ತಂದು, ಎಡ ಎಂಜಿನ್ ಆರಿಸಿ, ಗಿರಕಿಗೆ ಬಿಟ್ಟಳು. ಸ್ಟಿಕ್ಕು ಅರ್ಧ ತಳ್ಳಿ ಎರಡು ಸೆಕೆಂಡು ಕಾದಳು. ಒಂಬತ್ತು ಸೆಕೆಂಡಿಗೆ ನೆಲ ಬಂತು. ಎರಡನೆಯ ಸಲ ಪೂರ್ತಿ ತಳ್ಳಿ ಪೆಡಲ್ ಪೂರ್ತಿ ತುಳಿದಳು. ವಿಮಾನ ಮುನ್ನೂರ ಹತ್ತು ಅಡಿಯಲ್ಲಿ ನೆಟ್ಟಗಾಯಿತು. ಹೀಗೆ ಆರು ಸಲ, ಹಾಗೆ ಆರು ಸಲ. ಫಲಿತಾಂಶ ಬದಲಾಗಲಿಲ್ಲ.

"ನಮ್ಮಾಕಿ ಮೊದಲನೇ ದಿನ ಪೂರ್ತಿ ತಳ್ಳಿದ್ಲರೀ," ಎಂದಳು. "ಗಾಬರಿ ಅಂತ ಬರದು ಬಿಡಿಸಿದ್ರು."

"ಹಂಗಾರ ಆಕಿಗೆ ವಿಮಾನ ತಿಳದಿತ್ತು."

ಅವಳು ಬಸ್ಸು ಹತ್ತುವವರೆಗೂ ಅಳಲಿಲ್ಲ. ಹತ್ತಿದ ಮೇಲೂ ಅಳು ಬರಲಿಲ್ಲ.

ಸೋಮವಾರ ಎಲ್ಲವನ್ನೂ ಬರೆದು ಇನಾಮದಾರರ ಮೇಜಿನ ಮೇಲಿಟ್ಟಳು. ಅವರು ಎರಡು ಸಲ ಓದಿದರು.

"ಇದನ್ನ ಕೊಟ್ಟಿ ಅಂದ್ರ ನಿನ್ನ ಹೆಸರು ಬರತೈತಿ. ನೌಕರಿ ಹೋಗತೈತಿ. ಅದು ಇರಲಿ, ಮನಿಯೊಳಗ ಏನ ಹೇಳ್ತಿ?"

"ಹಾರಾಟ ನಿಂತದ್ದು ಸದ್ಯಕ್ಕ ಅಷ್ಟ ಸರ್. ಮತ್ತ ಚಾಲೂ ಆದ್ರ ಉಳಿದ ನಲವತ್ತನಾಲ್ಕು ಮಂದಿನೂ ಅರ್ಧ ತಳ್ಳತಾರ. ನಾವ ಕಲಿಸೀವಿ."

"ನೀ ಹೇಳೂದು ಸುಳ್ಳು ಅಂತ ನಾ ಅನ್ನೂದಿಲ್ಲ." ಅವರು ಕನ್ನಡಕ ತೆಗೆದರು. "ಆದ್ರ ಅದು ಖರೆ ಆಗೂದು ನನಗ ಬ್ಯಾಡ, ರೋಹಿಣಿ. ಆ 'ಗಾಬರಿ' ಬರದವ ನಾನು."

ಆದರೂ ಕಾಗದವನ್ನು ತಡೆಯಲಿಲ್ಲ. ಸಹಿ ಹಾಕಿ ಮುಂದೆ ಕಳಿಸಿದರು.

ಏಪ್ರಿಲ್ 9ರಂದು ತನಿಖಾ ಸಮಿತಿ ಕೇಂದ್ರಕ್ಕೆ ಬಂತು. ಅಧ್ಯಕ್ಷೆ ಬೆಂಗಳೂರಿನವರು, ಮೂವತ್ತು ವರ್ಷ ವಿಮಾನದ ರೆಕ್ಕೆಗಳ ಮೇಲೆ ಕೆಲಸ ಮಾಡಿದವರು. ರೋಹಿಣಿ ಮೊದಲು ಇನ್ನೂರ ನಲವತ್ತರಲ್ಲಿ ಹಾರಿಸಿ ತೋರಿಸಿದಳು, ಆಮೇಲೆ ಇಪ್ಪತ್ತೈದಕ್ಕೆ ಇಳಿಸಿ ತೋರಿಸಿದಳು. ಎರಡನೆಯದು ರೆಕಾರ್ಡರಿನ ಗೆರೆಯ ಮೇಲೆ ಸರಿಯಾಗಿ ಕೂತಿತು.

ಅಧ್ಯಕ್ಷೆ ಕೇಳಿದರು: "ಹದಿನೈದಕ್ಕೆ ಇಟ್ರೆ?"

"ಇನ್ನೂ ಬೇಗ ಬೀಳತೈತ್ರೀ ಮೇಡಂ."

"ನಲವತ್ತಕ್ಕೆ?"

"ತಡಾ ಆಗತೈತ್ರೀ."

"ಅಂದ್ರೆ ಯಾವ ನಂಬರ್ ಬೇಕಾದ್ರೂ ಇಡಬಹುದು. ನೀವು ಅಪಘಾತಕ್ಕೆ ಹೊಂದೋ ನಂಬರ್ ಇಟ್ಟು, ನೋಡಿ ಹೊಂದ್ತು ಅಂತಿದ್ದೀರ."

"ಟಿಪ್ಪಣಿಯೊಳಗ ಇಪ್ಪತ್ತೈದು ಅಂತ ಬರದಾರ್ರೀ. ಅಪಘಾತ ಆಗೂಕಿಂತ ಮೊದಲ."

"ಆ ಫೈಲಿನ ತಾರೀಖು ನೀವು ಕಾಪಿ ಮಾಡ್ಕೊಂಡ ದಿನದ್ದಿದೆ. ಇರ್ಲಿ, ನಾನು ನಿಮ್ಮನ್ನ ಅನುಮಾನಿಸ್ತಿಲ್ಲ. ಗಲಗಲಿಯವರನ್ನೇ ಕೇಳೋಣ."

ಗಲಗಲಿಯವರನ್ನು ಪರದೆಯ ಮೇಲೆ ಕರೆದಿದ್ದರು. ಇಪ್ಪತ್ತೈದು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಅಧ್ಯಕ್ಷೆ ಕೇಳಿದರು.

"ನನ್ನ ಕಂಪ್ಯೂಟರ್ ಅಷ್ಟ ಓಡತಿತ್ತು," ಎಂದರು ಅವರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಪ್ರತಿ ಫ್ರೇಮಿಗೆ ನೂರಕ್ಕೆ ಎರಡು ಅನ್ನೋದು? ಅದಕ್ಕೆ ಪರೀಕ್ಷೆಯ ಕಾಗದ ಇದೆಯಾ?"

"ಗಿರಕಿದು ಗಾಳಿಸುರಂಗದಾಗ ಅಳದಿದ್ದಿಲ್ಲ ಮೇಡಂ. ಅದನ್ನ ಹಾರಿಸಿದ ಟೆಸ್ಟ್ ಪೈಲಟ್ ನಮ್ಮ ಮನಿಗೆ ಬಂದು ಬಾಜೂಕ ಕೂತ. ನಾ ಅಂಕಿ ತಿದ್ದಕೋತ ಹೋದೆ. 'ಹಿಂಗಲ್ಲ, ಇನ್ನೂ ಹಟಾ ಮಾಡತೈತಿ' ಅಂದ. ಆಮ್ಯಾಲೆ ಒಂದ ಕಡೆ, 'ಹಾಂ, ಇದು ನಮ್ಮ ಚಾತಕ' ಅಂದ. ಅಲ್ಲೇ ಬಿಟ್ಟೆ."

"ಅವರು ಎಲ್ಲಿದ್ದಾರೆ?"

"ತೀರಿಕೊಂಡು ಮೂವತ್ತೆರಡು ವರ್ಷಾತು."

ಅಧ್ಯಕ್ಷೆ ಪೆನ್ನಿನ ಕ್ಯಾಪು ಹಾಕಿದರು. ಅವರ ದನಿಯಲ್ಲಿ ಸಿಟ್ಟಾಗಲಿ ತಾತ್ಸಾರವಾಗಲಿ ಇರಲಿಲ್ಲ. ಅದನ್ನೇ ರೋಹಿಣಿಗೆ ತಡೆದುಕೊಳ್ಳಲಾಗಲಿಲ್ಲ.

"ನೋಡಿ, ನೀವು ಹೇಳ್ತಿರೋದು ಸರಿ ಇರಬಹುದು. ಆದ್ರೆ ನನ್ನ ಹತ್ರ ಇರೋದು ತೀರಿಕೊಂಡ ಒಬ್ಬರ ಕೈ ನೆನಪು, ಮತ್ತೆ ಒಂದೇ ಒಂದು ಅಪಘಾತ. ಒಂದು ಬಿಂದುವಿನಿಂದ ಗೆರೆ ಎಳೆಯಕ್ಕಾಗಲ್ಲ. ಗಿರಕಿ ಹೊಡೆಸಿ ಪರೀಕ್ಷೆ ಮಾಡಿ ಅಂತ ಯಾವ ಪೈಲಟ್‌ಗೂ ಈ ವಿಮಾನ ಕೊಡಕ್ಕೂ ನನಗೆ ಅಧಿಕಾರ ಇಲ್ಲ."

"ಹಂಗಾರ ಎರಡನೇ ಬಿಂದು ಎಲ್ಲಿಂದ ಬರಬೇಕ್ರೀ ಮೇಡಂ?"

ಸಮಿತಿಯ ನಡಾವಳಿಯಲ್ಲಿ ಆ ಪ್ರಶ್ನೆ ದಾಖಲಾಗಿಲ್ಲ.

ಮನೆಗೆ ಬಂದಾಗ ಕಸ್ತೂರೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗಳು ಹೋದ ಮೇಲೆ ಅವಳು ಮತ್ತೆ ರೊಟ್ಟಿ ಬಡಿಯಲು ಕೂತ ಮೊದಲ ದಿನ ಅದು. ರೋಹಿಣಿ ಹೊಸ್ತಿಲಲ್ಲಿ ಕೂತಳು.

"ಅತ್ತಿ, ಆಕಿ ಅಂಜಿದ್ದಿಲ್ಲ."

ಕಸ್ತೂರೆವ್ವಳ ಕೈ ನಿಲ್ಲಲಿಲ್ಲ. "ಮತ್ತ?"

"ಕಲಿಸಿದಂಗ ಮಾಡಿದ್ಲು. ಒಂದ ಕೂದಲೆಳಿ ತಪ್ಪದಂಗ. ಕಲಿಸಿದ್ದ ತಪ್ಪಿತ್ರೀ."

"ಯಾರ ಕಲಿಸಿದ್ರು?"

"ಯಂತ್ರ."

"ಯಂತ್ರ ತನ್ನಷ್ಟಕ್ಕ ತಾನ ಕಲಸತೈತೇನ? ಅದಕ್ಕ ಯಾರ ಕಲಿಸಿದ್ರು?"

"ನಾನ್ರೀ."

ಹಂಚಿನ ಮೇಲಿದ್ದ ರೊಟ್ಟಿಯನ್ನು ಕಸ್ತೂರೆವ್ವ ತಿರುವಿ ಹಾಕಿದಳು. ಇನ್ನೊಂದು ಮಗ್ಗುಲು ಬೇಯುವವರೆಗೂ ಅದನ್ನೇ ನೋಡಿದಳು. ರೋಹಿಣಿ ಎಲ್ಲವನ್ನೂ ಹೇಳಿದಳು: ಕುಣಿಯುವ ಗುಡ್ಡ, ಮೇಘನಾ ಬಂದು ಮೇಜಿನ ಮೇಲೆ ಕೂತದ್ದು, ಇನ್ನೂರ ನಲವತ್ತು, ಓದದೆ ಬಿಟ್ಟ ಟಿಪ್ಪಣಿ. ಮೊದಲನೆಯ ದಿನ ಮೇಘನಾ ಪೂರ್ತಿ ತಳ್ಳಿದ್ದನ್ನು ಮಾತ್ರ ಹೇಳಬಾರದೆಂದುಕೊಂಡಿದ್ದಳು. ಅದನ್ನೂ ಹೇಳಿಬಿಟ್ಟಳು.

"ಅಂದ್ರ ಕಲಿಸದ ಇದ್ರ ಬದುಕತಿದ್ಲು," ಎಂದಳು ಕಸ್ತೂರೆವ್ವ.

"ಹೌದ್ರೀ."

ಆ ದಿನದಿಂದ ಯಾರಾದರೂ ಮಗಳ ಮಾತೆತ್ತಿದರೆ ಕಸ್ತೂರೆವ್ವ, "ನನ್ನ ಮಗಳು ಅಂಜಿದ್ದಿಲ್ಲ, ತಿಳಕೊಂಡೀನಿ" ಎನ್ನುತ್ತಿದ್ದಳು. ಯಾರಿಂದ ತಿಳಿದುಕೊಂಡೆ ಎಂದು ಹೇಳುತ್ತಿರಲಿಲ್ಲ. ಸೊಸೆಯನ್ನು ಬಯ್ಯಲಿಲ್ಲ, ಮನೆ ಬಿಟ್ಟು ಹೋಗು ಎನ್ನಲಿಲ್ಲ. ರೋಹಿಣಿ ಬಡಿಸಿದ್ದನ್ನು ಮಾತ್ರ ಉಣ್ಣುತ್ತಿರಲಿಲ್ಲ. ಎದ್ದು ತಾನೇ ಬಡಿಸಿಕೊಳ್ಳುತ್ತಿದ್ದಳು. ಶಿವಾನಂದ ಅದನ್ನು ಕಂಡ. ಒಂದು ದಿನ ಡ್ಯೂಟಿಗೆ ಹೊರಡುವಾಗ ಬೂಟಿನ ಲೇಸು ಕಟ್ಟುತ್ತ, "ನೀ ಹೇಳದಿದ್ರೂ ನಡೀತಿತ್ತು" ಎಂದ. ಅದು ಬಯ್ಗುಳವೋ ಕನಿಕರವೋ ರೋಹಿಣಿಗೆ ತಿಳಿಯಲಿಲ್ಲ.

ಮೇ 15ರಂದು ಅಂತಿಮ ವರದಿ ಬಂತು. ಸಂಭವನೀಯ ಕಾರಣ: ಚಾಲಕರ ಅಪೂರ್ಣ ಪ್ರತಿಕ್ರಿಯೆ. ರೋಹಿಣಿಯ ಹೇಳಿಕೆ ಒಂಬತ್ತನೆಯ ಅನುಬಂಧದಲ್ಲಿತ್ತು, ಕೆಳಗೆ 'ದತ್ತಾಂಶದ ಬೆಂಬಲವಿಲ್ಲ' ಎಂಬ ಸಾಲಿನೊಂದಿಗೆ. ಗಿರಕಿಯಿಂದ ಹೊರಬರುವ ಅಭ್ಯಾಸ ಸಾಲದೆಂದು ಸಮಿತಿಗೆ ಅನ್ನಿಸಿತ್ತು. ಆದ್ದರಿಂದ ಎಲ್ಲ ಪೈಲಟ್‌ಗಳಿಗೂ ಪ್ರಮಾಣಪತ್ರವಿರುವ ಸಿಮ್ಯುಲೇಟರಿನಲ್ಲಿ ಇನ್ನೂ ಮೂರು ಪಾಠ ಕೊಡಬೇಕೆಂದು ಶಿಫಾರಸು ಮಾಡಿತ್ತು. ಪ್ರಮಾಣಪತ್ರವಿದ್ದದ್ದು ಇನ್ನೂರ ನಲವತ್ತು ಫ್ರೇಮಿನ ರೂಪಕ್ಕೆ.

ವರದಿ ಬಂದ ಮೂರು ದಿನಕ್ಕೆ ಕೇಂದ್ರದ ಬಾಗಿಲು ರೋಹಿಣಿಯ ಕಾರ್ಡಿಗೆ ತೆರೆಯಲಿಲ್ಲ; ನೌಕರಿ ಹೋಗಿತ್ತು. ಅವಳು ಮನೆಯಲ್ಲಿ ಕೂತು ಪೈಲಟ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಪ್ರತಿಯೊಬ್ಬರಿಗೂ ಒಂದೇ ಮಾತು: ಪೂರ್ತಿ ತಳ್ಳಿ, ಪೂರ್ತಿ ತುಳಿಯಿರಿ, ಕಾಯಬೇಡಿ. ಕೆಲವರು ಮೇಘನಾಳ ಹೆಸರು ಹೇಳಿ ಅತ್ತರು. ಒಬ್ಬ, ಕಂಪನಿಗೆ ದೂರು ಕೊಡುತ್ತೇನೆ ಎಂದ. ಕಲಬುರಗಿಯ ಹಿರಿಯ ಪೈಲಟ್ ಒಬ್ಬರು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಮಾತು ತಲಿಗಿ ಹೋಗ್ಯದ ತಾಯಿ," ಎಂದರು. "ಆದ್ರ ನಿನ್ನೆ ಮೂರನೇ ಪಾಠ ಮುಗೀತು. ಕೈಗಿ ಹೋಗ್ಯದೋ ಇಲ್ಲೋ, ಆ ಟೈಮಿಗೇ ಗೊತ್ತಾಗ್ತದ."

ನಲವತ್ತನಾಲ್ಕು ಜನರಲ್ಲಿ ಇಪ್ಪತ್ತೊಂಬತ್ತು ಮಂದಿ ಫೋನ್ ಎತ್ತಿದರು. ಉಳಿದ ಹದಿನೈದು ಮಂದಿ ಎತ್ತಲಿಲ್ಲ. ಅವಳೊಂದಿಗೆ ಮಾತಾಡಕೂಡದೆಂದು ಕಂಪನಿಯ ಸುತ್ತೋಲೆ ಅಷ್ಟರಲ್ಲಿ ಬಂದಿತ್ತು.

ಜೂನ್ 1, ಸೋಮವಾರ, ಹಾರಾಟ ಮತ್ತೆ ಆರಂಭವಾಯಿತು. ಹುಬ್ಬಳ್ಳಿಯಿಂದ ಬೀದರ್‌ಗೆ ಹೊರಟ ಮೊದಲ ವಿಮಾನದಲ್ಲಿ ಹನ್ನೆರಡು ಪ್ರಯಾಣಿಕರಿದ್ದರು. ಕ್ಯಾಪ್ಟನ್ ಆ ಹದಿನೈದು ಮಂದಿಯಲ್ಲಿ ಒಬ್ಬ.